ಎರಡು ಬಾಗಿಲಿನ ಊರಿನಲ್ಲಿ ಮೂರನೆಯ ಮಾತು

"ತಾಯಿ, ರೋಗಗಳಿಗೆ ಹಳಬರು ಮೂರು ಮಾತು ಇಟ್ಟುಹೋಗಿದ್ದಾರೆ. ಸಾಧ್ಯ ಅಂದರೆ ವಾಸಿಯಾಗುವಂಥದ್ದು. ಅಸಾಧ್ಯ ಅಂದರೆ ವಾಸಿಯಾಗದಂಥದ್ದು. ಇವೆರಡರ ನಡುವೆ ಯಾಪ್ಯ ಅಂತ ಇನ್ನೊಂದು ಇಟ್ಟಿದ್ದಾರಲ್ಲ, ಅದನ್ನು ಯಾವಾಗ, ಯಾರ ಮುಂದೆ ಹೇಳಬೇಕು?"

ಶಿಷ್ಯ ಕೇಳಿದ ಪ್ರಶ್ನೆ ಇದು. ಗುರುತಾಯಿ ಮೊರದಲ್ಲಿ ಹಿಪ್ಪಲಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಅರ್ಥ ಗೊತ್ತಿದೆಯೋ?"

"ಗೊತ್ತಿದೆ. ಬೇರುಸಹಿತ ಕೀಳಲಾಗದ ರೋಗ. ಔಷಧ, ಪಥ್ಯ ನಡೆಯುತ್ತಿರುವವರೆಗೆ ತಲೆ ತಗ್ಗಿಸಿಕೊಂಡು ಬಿದ್ದಿರುತ್ತದೆ. ನಿಲ್ಲಿಸಿದರೆ ಏಳುತ್ತದೆ. ಅರ್ಥ ಬಾಯಿಪಾಠ ಆಗಿದೆ, ತಾಯಿ. ಬಳಕೆ ಮಾತ್ರ ಹಿಡಿಸಲಿಲ್ಲ. ನನಗೇನೋ ಇದು ಜಾಣರ ಮಾತು ಅನ್ನಿಸುತ್ತದೆ. ಗುಣ ಮಾಡುವ ಶಕ್ತಿಯಿಲ್ಲ, ಸಾಯುತ್ತಾನೆ ಅನ್ನುವ ಧೈರ್ಯವೂ ಇಲ್ಲ. ಅಂಥ ವೈದ್ಯ ಈ ಮಾತು ಹೇಳಿ, ಚೀಲ ಹೆಗಲಿಗೆ ಹಾಕಿಕೊಂಡು ಜಾಗ ಖಾಲಿ ಮಾಡಬಹುದು."

"ಜಾಗ ಖಾಲಿ ಮಾಡಬಹುದು," ಎಂದು ಗುರುತಾಯಿ ಅವನ ಮಾತನ್ನೇ ಒಮ್ಮೆ ಹೇಳಿ ನೋಡಿದರು. "ಸರಿ, ಕೂತುಕೋ. ಒಂದು ಕತೆ ಹೇಳುತ್ತೇನೆ."

ಶಿಷ್ಯ ಕೂತ. ಅವರು ಹೇಳಿದರು.

ಒಂದು ಊರು. ಕಪ್ಪು ನೆಲ, ಹತ್ತಿಯ ಬೆಳೆ, ಸುತ್ತ ಮಣ್ಣಿನ ಕೋಟೆ. ಕೋಟೆಗೆ ಎರಡು ಬಾಗಿಲು. ಒಂದು ಮೂಡಲ ಬಾಗಿಲು, ಇನ್ನೊಂದು ಪಡುವಲ ಬಾಗಿಲು. ಉಳಿದವರಿಗೆಲ್ಲ ಅವು ಬರೀ ಬಾಗಿಲುಗಳು. ಯಾವುದರಿಂದ ಬೇಕಾದರೂ ಬರಬಹುದು, ಯಾವುದರಿಂದ ಬೇಕಾದರೂ ಹೋಗಬಹುದು. ವೈದ್ಯರಿಗೆ ಮಾತ್ರ ಹಾಗಲ್ಲ.

ಹಿಂದೆ ಯಾವನೋ ಒಬ್ಬ ಅಲೆಮಾರಿ ವೈದ್ಯ ಅರ್ಧ ಊರಿಗೆ ಒಂದೇ ಪುಡಿ ಹಂಚಿದನಂತೆ. ಶಾಲು ಹೊದಿಸಿಕೊಂಡನಂತೆ. ಪುಡಿ ಏನು ಮಾಡುತ್ತದೆಂದು ನೋಡುವ ಮೊದಲೇ ಊರು ಬಿಟ್ಟನಂತೆ. ಪುಡಿ ಮಾಡಬಾರದ್ದನ್ನು ಮಾಡಿತು. ಅಂದಿನಿಂದ ಊರಿನವರು ಒಂದು ಕಟ್ಟಳೆ ಇಟ್ಟುಕೊಂಡರು.

ರೋಗಿಯ ನಾಡಿ ಹಿಡಿದ ವೈದ್ಯ ಹಿರಿಯರ ಮುಂದೆ ಒಂದು ಮಾತು ಹೇಳಬೇಕು. ಸಾಧ್ಯ ಅಂದರೆ ಚಿಕಿತ್ಸೆ ಮಾಡಬೇಕು. ವಾಸಿಯಾದ ದಿನ ರೋಗಿಯ ಮನೆಯಲ್ಲಿ ಪಥ್ಯ ಬಿಡುವ ಊಟ. ಅಲ್ಲಿಯವರೆಗೆ ಏನೇನು ಬೇಡ ಅಂದಿದ್ದರೋ ಅದೆಲ್ಲ ಎಲೆಯ ಮೇಲೆ ಬರಬೇಕು. ಬದನೆಕಾಯಿ, ಕೆನೆಮೊಸರು, ಉದ್ದಿನ ವಡೆ. ಮೊದಲ ಸೌಟು ವೈದ್ಯನೇ ಬಡಿಸಬೇಕು. ಉಂಡ ಮೇಲೆ ರೋಗಿ ತನ್ನ ಕಾಲ ಮೇಲೆ ನಡೆದು ವೈದ್ಯನನ್ನು ಮೂಡಲ ಬಾಗಿಲವರೆಗೆ ಕಳಿಸಿಕೊಡಬೇಕು. ಬಾಗಿಲು ಕಾಯುವವನು ರೋಗಿಯನ್ನು ಒಂದೇ ಪ್ರಶ್ನೆ ಕೇಳುತ್ತಾನೆ. "ಉಂಡೀರೇನ್ರಿ?" ರೋಗಿ "ಉಂಡೀನಿ" ಅಂದರೆ ಬಾಗಿಲು ತೆಗೆಯುತ್ತದೆ.

ಅಸಾಧ್ಯ ಅಂದರೆ ಪಡುವಲ ಬಾಗಿಲು. ಜೊತೆಗೆ ಯಾರೂ ಬರುವುದಿಲ್ಲ. ಅಲ್ಲಿ ಕಾಯುವವನು ವೈದ್ಯನನ್ನೇ ಕೇಳುತ್ತಾನೆ. "ಕೈ ಬಿಟ್ಟೀರೇನ್ರಿ?" "ಬಿಟ್ಟೆ" ಅಂದು, ಹಿಂದಿರುಗಿ ನೋಡದೆ ವೈದ್ಯ ನಡೆಯಬೇಕು. ಇತ್ತ ಮನೆಯವರು ಕಷಾಯದ ಗಡಿಗೆಯನ್ನು ಹಿತ್ತಲಲ್ಲಿ ಬೋರಲು ಹಾಕುತ್ತಾರೆ. ನಾಲಿಗೆ ಬೇಡಿದ್ದನ್ನು ರೋಗಿಗೆ ಕೊಡುತ್ತಾರೆ.

ಯಾವ ಬಾಗಿಲಿಂದ ಹೋದರೂ ಒಂದು ವಿಷಯ ಮಾತ್ರ ಒಂದೇ. ವೈದ್ಯ ಹೊರಬಿದ್ದ ಮೇಲೆ ಆ ರೋಗಕ್ಕೆ ಆ ರೋಗಿಗೆ ಊರಿನಲ್ಲಿ ಯಾರೂ ಔಷಧ ಕೊಡುವುದಿಲ್ಲ. ಉಂಡವರಿಗೆ ಕೊಟ್ಟರೆ ವೈದ್ಯನ ಮಾತನ್ನು ಸುಳ್ಳು ಮಾಡಿದಂತೆ. ಕೈ ಬಿಟ್ಟವರಿಗೆ ಕೊಟ್ಟರೆ ಹೊರಟ ಜೀವವನ್ನು ಸೆರಗು ಹಿಡಿದು ಎಳೆದಂತೆ.

ಎರಡು ಮಾತು, ಎರಡು ಬಾಗಿಲು. ಊರಿನವರಿಗೆ ಈ ಕಟ್ಟಳೆಯ ಬಗ್ಗೆ ಬಹಳ ಹೆಮ್ಮೆಯಿತ್ತು. ನೆಂಟರು ಬಂದರೆ ಕರೆದುಕೊಂಡು ಹೋಗಿ ಬಾಗಿಲುಗಳನ್ನು ತೋರಿಸುತ್ತಿದ್ದರು.

ಆ ಊರಿಗೆ ಒಬ್ಬ ವೈದ್ಯ ಬಂದ. ಕಾಲು ನಿಲ್ಲದ ಮನುಷ್ಯ. ಯಾವ ಊರಿನಲ್ಲೂ ಎರಡು ಮಳೆಗಾಲ ಕಂಡವನಲ್ಲ. ಬಂದರುಗಳನ್ನು ನೋಡಿದ್ದ, ಘಟ್ಟಗಳನ್ನು ಹತ್ತಿ ಇಳಿದಿದ್ದ, ನಾಲ್ಕಾರು ಭಾಷೆಗಳಲ್ಲಿ ಚೌಕಾಸಿ ಮಾಡಬಲ್ಲವನಾಗಿದ್ದ. ಊರು ಸೇರುವ ಸುಖಕ್ಕಿಂತ ಊರು ಬಿಡುವ ಸುಖ ದೊಡ್ಡದು ಎಂದು ತಿಳಿದಿದ್ದ. ಅದರಲ್ಲಿ ಸುಳ್ಳೇನೂ ಇಲ್ಲ. ಕೈಗುಣ ಒಳ್ಳೆಯದಿತ್ತು. ರಾಜಧಾನಿಯಲ್ಲಿ ಅರಮನೆಯ ವೈದ್ಯನ ಸ್ಥಾನ ತೆರವಾಗಲಿದೆ, ಕರೆ ತನಗೇ ಬರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅಲ್ಲಿಯವರೆಗೆ ಹೊತ್ತು ಕಳೆಯಲು ಒಂದು ಊರು ಬೇಕಿತ್ತು. ಈ ಊರು ದಾರಿಯಲ್ಲಿ ಸಿಕ್ಕಿತು.

ಬಂದವನು ಶೆಟ್ಟಿಯ ಬೆನ್ನಿನ ಹುಣ್ಣು ವಾಸಿ ಮಾಡಿದ. ಕುಂಬಾರನ ಜ್ವರ ಬಿಡಿಸಿದ. ಇಬ್ಬರೂ ಬದನೆಕಾಯಿ ಉಂಡರು. ಆಗಲೇ ಹೊರಟಿದ್ದರೆ ಮೂಡಲ ಬಾಗಿಲಿಂದ ಹೊರಡಬಹುದಿತ್ತು. ಅಷ್ಟರಲ್ಲಿ ಯಾರೋ ಹೇಳಿದರು. "ಹತ್ತಿ ಹಿಂಜಾಕಿನ್ನ ಒಮ್ಮೆ ನೋಡ್ರಿ ವೈದ್ಯರ. ಪಾಪ, ಮಲಗಿ ನಿದ್ದಿ ಮಾಡಿ ಯಾವ ಕಾಲ ಆತೋ."

ಹಿಂಜುವವಳು ಒಂಟಿ ಹೆಂಗಸು. ಗಂಡ ತೀರಿಹೋಗಿದ್ದ, ಅವನ ಹತ್ತಿ ಹಿಂಜುವ ಬಿಲ್ಲು ಉಳಿದಿತ್ತು. ಊರಿನ ಗಾದಿ ದಿಂಬುಗಳೆಲ್ಲ ಅವಳ ಬಿಲ್ಲಿನ ಕೆಳಗೆ ಹಾದು ಬಂದವು. ಊರನ್ನೆಲ್ಲ ಮೆತ್ತಗೆ ಮಲಗಿಸಿದವಳು ತಾನು ಮಾತ್ರ ಕೂತೇ ರಾತ್ರಿ ಕಳೆಯುತ್ತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ವೈದ್ಯ ಹೋದಾಗ ಬಿಲ್ಲಿಗೆ ಎದೆ ಆನಿಸಿ ಕೂತಿದ್ದಳು. ಭುಜಗಳು ಮೇಲೆ ಕೆಳಗೆ ಆಗುತ್ತಿದ್ದವು. ಎದೆಯೊಳಗಿಂದ ಸಿಳ್ಳು ಬರುತ್ತಿತ್ತು.

ವೈದ್ಯ ನಾಡಿ ಹಿಡಿದ, ಬೆನ್ನಿಗೆ ಕಿವಿಯಿಟ್ಟ.

"ಹತ್ತಿಯ ಧೂಳು ನಿನಗೆ ಆಗುವುದಿಲ್ಲ ತಾಯಿ. ಈ ಕೆಲಸ ಬಿಡಬೇಕು."

"ಬಿಟ್ಟು ಏನು ತಿನ್ನಲಿ? ನಿಮ್ಮ ಕಷಾಯಾನ?"

ವೈದ್ಯ ನಕ್ಕ. ಹಿರಿಯರ ಮುಂದೆ ಬಂದು ನಿಂತ. ಹಿರಿಯರಿಗೆಲ್ಲ ಮುಖ್ಯಸ್ಥನಾದ ಶೆಟ್ಟಿ ವೀಳ್ಯದ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ.

"ಹೇಳ್ರಿ ವೈದ್ಯರ."

"ಯಾಪ್ಯ."

ಶೆಟ್ಟಿ ಅಕ್ಕಪಕ್ಕದವರನ್ನು ನೋಡಿದ. ಅವರು ಅವನನ್ನು ನೋಡಿದರು.

"ಅದು ಮೂಡಲ ಕಡೀದೋ, ಪಡುವಲ ಕಡೀದೋ?"

"ಎರಡೂ ಅಲ್ಲ. ಸೋರುವ ದೋಣಿ ಅಂದುಕೊಳ್ಳಿ. ತೂತು ಮುಚ್ಚಲು ಬರುವುದಿಲ್ಲ. ಆದರೆ ಒಬ್ಬರು ಕೂತು ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದರೆ ದೋಣಿ ಮುಳುಗುವುದಿಲ್ಲ."

"ನಮ್ಮೂರಾಗ ಹೊಳಿನ ಇಲ್ಲಲ್ರೀ," ಎಂದ ಶೆಟ್ಟಿ. ಎಲ್ಲರೂ ನಕ್ಕರು. ವೈದ್ಯನೂ ನಕ್ಕ. ವೀಳ್ಯ ಕೊಟ್ಟರು. ಕಟ್ಟಳೆಯಲ್ಲಿ ಇಲ್ಲದ ಮಾತಾದರೂ ವೈದ್ಯ ಬಲ್ಲವನು, ಏನೋ ಒಂದು ಇರುತ್ತದೆ ಎಂದುಕೊಂಡರು.

ಅವನು ಹೇಳಿದ್ದು ನಿಜವೇ. ನಿಜ ಹೇಳುವುದು ಅವನಿಗೆ ಅಭ್ಯಾಸವಾಗಿತ್ತು. ಹೇಳಿದ ಮೇಲೆ ಅಲ್ಲೇ ಇರುವುದು ಅಭ್ಯಾಸವಿರಲಿಲ್ಲ.

ಔಷಧ ನಡೆಯಿತು. ಆಡುಸೋಗೆಯ ಎಲೆ, ಶುಂಠಿ, ಹಿಪ್ಪಲಿ. ಅದರಲ್ಲಿ ಹಿಪ್ಪಲಿಯೇ ಮುಖ್ಯ. ಚಳಿ ಏರಿದಂತೆ ಅದು ಏರಬೇಕು, ಬಿಸಿಲು ಏರಿದಂತೆ ಇಳಿಯಬೇಕು. ಎಷ್ಟು ಏರಬೇಕು, ಎಷ್ಟು ಇಳಿಯಬೇಕು ಎಂಬುದನ್ನು ಅವಳ ಉಸಿರು ಕೇಳಿ, ನಾಡಿ ನೋಡಿ ನಿರ್ಧರಿಸಬೇಕು. ಹೆಚ್ಚಾದರೆ ಹೊಟ್ಟೆ ಸುಡುತ್ತದೆ. ಕಡಿಮೆಯಾದರೆ ಎದೆ ಕಟ್ಟುತ್ತದೆ. ಸ್ವಲ್ಪ ಕಾಲದಲ್ಲೇ ಹಿಂಜುವವಳು ತಾನು ಹಿಂಜಿದ ಹತ್ತಿಯ ಮೇಲೆ ಬೆನ್ನು ಚಾಚಿ ಮಲಗಿದಳು. ಬೆಳಗ್ಗೆ ನೆರೆಯವರು ಬಾಗಿಲು ಬಡಿದು ಎಬ್ಬಿಸಬೇಕಾಯಿತು. ಸತ್ತೇಹೋದಳು ಎಂದುಕೊಂಡಿದ್ದರಂತೆ. ಎದ್ದು ಬಂದು ಎಲ್ಲರನ್ನೂ ಬೈದಳು.

ಆಗ ರಾಜಧಾನಿಯಿಂದ ಪಲ್ಲಕ್ಕಿ ಬಂತು.

ವೈದ್ಯ ಮಡಿಬಟ್ಟೆ ಉಟ್ಟ. ಚೀಲ ಹೆಗಲಿಗೆ ಹಾಕಿದ. ಮೂಡಲ ಬಾಗಿಲಿಗೆ ಹೋದ.

"ಆಕಿ ಉಂಡಾಳೇನ್ರಿ?" ಎಂದು ಬಾಗಿಲು ಕಾಯುವವನು ಕೇಳಿದ.

"ಇಲ್ಲ. ಅವಳ ರೋಗ ಪಥ್ಯ ಬಿಡುವಂಥದ್ದಲ್ಲ."

"ಹಂಗಾರ ಈ ಬಾಗಲ ಅಲ್ರಿ. ಆ ಕಡೆ ಬಾಗಲದಾಗ ನಮ್ಮ ಮಾವ ಅದಾನ, ಅವನ್ನ ಕೇಳ್ರಿ."

ವೈದ್ಯ ಊರನ್ನು ಅಡ್ಡ ಹಾದು ಪಡುವಲ ಬಾಗಿಲಿಗೆ ಹೋದ.

"ಕೈ ಬಿಟ್ಟೀರೇನ್ರಿ?" ಎಂದು ಮಾವ ಕೇಳಿದ.

"ಇಲ್ಲ. ಅವಳು ಚೆನ್ನಾಗಿದ್ದಾಳೆ. ಈಗ ತಾನೇ ಯಾರನ್ನೋ ಬೈಯುತ್ತಿದ್ದಳು."

"ಹಂಗಾರ ಇದೂ ಅಲ್ರಿ. ನಮ್ಮ ಅಳಿಯ ಏನಂದ?"

"ನಿನ್ನನ್ನು ಕೇಳು ಅಂದ."

"ಅವಂಗ ಯಾವತ್ತೂ ಸ್ವಂತ ಬುದ್ಧಿ ಇಲ್ಲ ಬಿಡ್ರಿ," ಎಂದು ಹೇಳಿ ಅವನು ಬಾಗಿಲಿನ ಮುಂದೆ ಚಾಪೆ ಹಾಸಿಕೊಂಡು ಕೂತ.

ವೈದ್ಯ ಶೆಟ್ಟಿಯ ಹತ್ತಿರ ಬಂದ. ಶೆಟ್ಟಿಗೆ ಅವನ ಮೇಲೆ ಕೋಪವೇನೂ ಇರಲಿಲ್ಲ. ಬೆನ್ನಿನ ಹುಣ್ಣು ಮಾಯಿಸಿದವನು. ಪಲ್ಲಕ್ಕಿ ಬಂದದ್ದು ಊರಿಗೇ ಮರ್ಯಾದೆ.

"ಅದಕ್ಕೇನ್ರಿ, ಒಂದು ಮಾತು ಬದಲ ಮಾಡ್ರಿ ಅಷ್ಟ. ಸಾಧ್ಯ ಅಂದುಬಿಡ್ರಿ. ಆಕಿ ಈಗ ಆರಾಮ ಅದಾಳಲ್ಲ? ಉಣ್ಣಸ್ರಿ, ಹೊರಡ್ರಿ. ಇಲ್ಲಾ ಅಸಾಧ್ಯ ಅನ್ರಿ. ನಿಮ್ಮ ಬಾಯಾಗಿನ ಮಾತು, ನಮ್ಮದೇನು ಹೋಗತೈತಿ?"

"ಯಾವುದು ಅಂದರೂ ನಾಳೆಯಿಂದ ಅವಳಿಗೆ ಕಷಾಯ ಕೊಡುವವರಿಲ್ಲ."

"ಅದು ಕಟ್ಟಳೆರಿ."

"ಚಳಿ ಬಿದ್ದರೆ ಅವಳು ಉಳಿಯುವುದಿಲ್ಲ."

"ಚಳಿ ಇನ್ನೂ ದೂರ ಐತಿ," ಎಂದ ಶೆಟ್ಟಿ. ಕೆಟ್ಟವನಲ್ಲ. ಚಳಿ ನಿಜವಾಗಿ ದೂರವಿತ್ತು.

ವೈದ್ಯ ಇನ್ನೊಂದು ದಾರಿ ನೋಡಿದ. ತನ್ನ ಬದಲು ಯಾರಾದರೂ ಅವಳ ನಾಡಿ ನೋಡುವುದಾದರೆ ತಾನು ಇಲ್ಲಿ ಇದ್ದಂತೆಯೇ ಅಲ್ಲವೇ ಎಂದು ಶೆಟ್ಟಿಯನ್ನು ಒಪ್ಪಿಸಿದ. ನೆರೆಮನೆಯ ಹೆಂಗಸನ್ನು ಕರೆದು ಕೂರಿಸಿ, ಬೆರಳು ಎಲ್ಲಿಡಬೇಕು, ಏನು ಗಮನಿಸಬೇಕು ಎಂದು ತಾಳ್ಮೆಯಿಂದ ಹೇಳಿಕೊಟ್ಟ. ಕೊನೆಗೆ ಕೇಳಿದ.

"ಈಗ ಹೇಳು ತಾಯಿ, ನಾಡಿ ಹೇಗಿದೆ?"

"ಬಡೀತೈತ್ರಿ."

ಅಷ್ಟರ ಮಟ್ಟಿಗೆ ಅವಳ ಪರೀಕ್ಷೆ ಸರಿಯಾಗಿಯೇ ಇತ್ತು. ವೈದ್ಯ ಆ ದಾರಿಯನ್ನು ಬಿಟ್ಟ.

ಪಲ್ಲಕ್ಕಿ ಹೊರುವವರು ಮೂಡಲ ಬಾಗಿಲ ಹೊರಗೆ ಬೇವಿನ ಮರದಡಿ ಒಲೆ ಹೂಡಿದ್ದರು. ಅವರಿಗೆ ಮೊದಲು ವಿಶ್ರಾಂತಿ ಹಿತವಾಯಿತು. ಆಮೇಲೆ ಬೇಸರವಾಯಿತು. ಊರಿನ ಮಕ್ಕಳು ಬಂದು ಪಲ್ಲಕ್ಕಿಯೊಳಗೆ ಕೂತು ಆಡತೊಡಗಿದರು. ಅರಮನೆಯಲ್ಲಿ ಬೇರೆ ವೈದ್ಯರೂ ಕಾದಿದ್ದಾರೆ, ಸ್ಥಾನ ಬಹಳ ಕಾಲ ಖಾಲಿ ಇರುವುದಿಲ್ಲ ಎಂದು ಹೊರುವವರ ಮುಖ್ಯಸ್ಥ ಹೇಳಿ ಕಳಿಸಿದ. ವೈದ್ಯನಿಗೂ ಅದು ಗೊತ್ತಿತ್ತು.

ಇದೆಲ್ಲ ಹಿಂಜುವವಳ ಕಿವಿಗೆ ಬಿತ್ತು. ಚಿಕ್ಕ ಊರು, ಬೀಳದೆ ಇರುತ್ತದೆಯೇ. ಒಂದು ಬೆಳಗ್ಗೆ ಅವಳೇ ವೈದ್ಯನ ಬಿಡಾರಕ್ಕೆ ಬಂದಳು. ತಲೆಯ ಮೇಲೆ ಸೆರಗು, ಸೆರಗಿನ ಮೇಲೆ ಅಲ್ಲಲ್ಲಿ ಹತ್ತಿಯ ಎಳೆ.

"ಒಲಿ ಮ್ಯಾಲ ಬದನಿಕಾಯಿ ಇಟ್ಟು ಬಂದೀನಿ. ಮೊಸರು ಹೆಪ್ಪ ಹಾಕೀನಿ. ಉಂಡುಬಿಡತೀನಿ, ನೀವು ಹೊರಡ್ರಿ."

"ಉಂಡರೆ ಮತ್ತೆ ನಿನಗೆ ಯಾರೂ ಔಷಧ ಕೊಡುವುದಿಲ್ಲ. ಗೊತ್ತಿದೆಯೇ?"

"ಹುಟ್ಟಿದಾಗಿಂದ ಈ ಊರಾಗ ಅದೀನಿ. ನನಗ ಹೇಳಾಕ ಬಂದೀರೇನು?"

"ಈ ಚಳಿಗಾಲ ದಾಟುವುದಿಲ್ಲ ನೀನು."

"ದಾಟಿದರ ಏನಾಕ್ಕೈತಿ? ಇನ್ನೊಂದು ಚಳಿಗಾಲ ಬರತೈತಿ."

ಅವಳು ಹೊರಡುತ್ತ ಬಾಗಿಲಲ್ಲಿ ನಿಂತು ಹೇಳಿದಳು.

"ಹಂಗಂತ ನನಗ ಜೀವದ ಮ್ಯಾಲ ಆಸೆ ಇಲ್ಲ ಅಂತ ತಿಳೀಬ್ಯಾಡ್ರಿ. ಬೆನ್ನು ಚಾಚಿ ಮಲಗಿದ್ದು ಭಾಳ ಚಲೋ ಅನಿಸೈತಿ. ಆದರ ಒಬ್ಬರ ಪಲ್ಲಕ್ಕಿ ಹಿಡದು ಜಗ್ಗೂದು ನನಗ ಬರಂಗಿಲ್ಲ."

ಊಟಕ್ಕೆ ಹಿರಿಯರು ಬಂದರು. ನೆರೆಯವರು ಬಂದರು. ಎರಡು ಬಾಗಿಲುಗಳನ್ನು ಕಾಯುವ ಮಾವ ಅಳಿಯ ಇಬ್ಬರೂ ಬಂದರು. ಅಂಗಳದಲ್ಲಿ ಎಲೆ ಹಾಕಿದರು. ಹಿಂಜುವವಳು ತೊಳೆದ ಸೀರೆ ಉಟ್ಟು ಎಲೆಯ ಮುಂದೆ ಕೂತಳು. ವೈದ್ಯ ಹಿರಿಯರ ಕಡೆ ತಿರುಗಿ "ಸಾಧ್ಯ" ಅಂದ. ಶೆಟ್ಟಿ ತಲೆಯಾಡಿಸಿದ. ಎಲ್ಲರ ಮುಖದಲ್ಲೂ ಸಮಾಧಾನ ಕಂಡಿತು. ಕಟ್ಟಳೆ ಮತ್ತೆ ಜಾಗಕ್ಕೆ ಬಂದಿತ್ತು.

ಇನ್ನು ಮೊದಲ ಸೌಟು. ಬದನೆಕಾಯಿಯ ಪಾತ್ರೆಯನ್ನು ವೈದ್ಯನ ಕೈಗೆ ಕೊಟ್ಟರು. ಅವನು ಸೌಟು ತುಂಬಿದ. ಎಲೆಗೆ ಬಾಗಿದ. ಬಾಗಿದಾಗ ಅವನ ಕಿವಿ ಅವಳ ಭುಜದ ಹತ್ತಿರ ಬಂತು. ಅವಳು ಉಸಿರು ಬಿಡುತ್ತಿದ್ದಳು. ಉಸಿರಿನ ತುದಿಯಲ್ಲಿ ಸಣ್ಣ ಸಿಳ್ಳು ಇತ್ತು. ಅಂಗಳದಲ್ಲಿದ್ದವರಿಗೆ ಯಾರಿಗೂ ಅದು ಕೇಳುವಂಥದ್ದಲ್ಲ. ಅವಳಿಗೇ ಕೇಳುತ್ತಿತ್ತೋ ಇಲ್ಲವೋ. ಬೆಳಗ್ಗೆ ಒಲೆಯ ಮುಂದೆ ಕೂತು ಹೊಗೆ ಕುಡಿದಿದ್ದಳು, ಅಷ್ಟೇ. ಆ ಸಂಜೆಯ ಕಷಾಯಕ್ಕೆ ಇನ್ನೊಂದು ಹಿಪ್ಪಲಿ ಸೇರಿಸಿದರೆ ಹೋಗುವಂಥ ಸಿಳ್ಳು. ಎಷ್ಟು ಸೇರಿಸಬೇಕೆಂದು ಆ ಊರಿನಲ್ಲಿ ಒಬ್ಬನಿಗೆ ಗೊತ್ತಿತ್ತು.

ವೈದ್ಯ ಬಹಳ ಹೊತ್ತು ಬಾಗಿಯೇ ನಿಂತ. ಎಣ್ಣೆ ಸೌಟಿನಿಂದ ತೊಟ್ಟಿಕ್ಕಿತು.

"ಬಡಸ್ರಿ," ಎಂದಳು ಅವಳು, ತಲೆ ಎತ್ತದೆ.

ಅವನು ಸೌಟನ್ನು ಪಾತ್ರೆಗೆ ವಾಪಸು ಹಾಕಿದ. ಪಾತ್ರೆಯನ್ನು ಶೆಟ್ಟಿಯ ಕೈಗೆ ಕೊಟ್ಟ.

"ಬದನೆಕಾಯಿ ನೀವು ಉಣ್ಣಿ. ಇವಳಿಗೆ ಗಂಜಿ ಕಾಯಿಸಲು ಯಾರಿಗಾದರೂ ಹೇಳಿ."

"ಹಂಗಾರ ಮಾತು?" ಎಂದು ಶೆಟ್ಟಿ ಕೇಳಿದ.

"ಮೊದಲು ಹೇಳಿದ್ದೇ."

ಮಾಡಿದ ಅಡುಗೆ ಹಾಳಾಗಬಾರದೆಂದು ಎಲ್ಲರೂ ಉಂಡರು. ಬದನೆಕಾಯಿ ಚೆನ್ನಾಗಿತ್ತೆಂದು ಮಾತಾಡಿಕೊಂಡರು. ಹಿಂಜುವವಳು ಮಾತ್ರ ಗಂಜಿಯ ಬಟ್ಟಲು ಹಿಡಿದುಕೊಂಡು ವೈದ್ಯನನ್ನು ಬೈದಳು. ಬುದ್ಧಿಗೇಡಿ ಅಂದಳು. ಮಾಡಿದ ಅಡುಗೆಗೆ ಮರ್ಯಾದೆ ಇಲ್ಲ ಅಂದಳು. ಬೈಯುತ್ತಲೇ ಗಂಜಿ ಕುಡಿದು ಮುಗಿಸಿದಳು.

ಪಲ್ಲಕ್ಕಿ ಹೊರುವವರಿಗೆ ಸುದ್ದಿ ಮುಟ್ಟಿತು. ಅವರ ಮುಖ್ಯಸ್ಥ ಕೋಟೆಯ ಹೊರಗಿನಿಂದಲೇ ಕೈ ಮುಗಿದ.

"ಬರುವಾಗ ಖಾಲಿ, ಹೋಗುವಾಗಲೂ ಖಾಲಿ. ಇಂಥ ಪುಣ್ಯಾತ್ಮರು ನಮಗೆ ದಿನಾ ಸಿಗಬಾರದೇ ಸ್ವಾಮಿ!"

ಅವರು ಹಾಡಿಕೊಂಡು ಹೋದರು. ಅರಮನೆಯ ಸ್ಥಾನ ಬೇರೆಯವನಿಗೆ ಸಿಕ್ಕಿತು. ಅವನೂ ಕೆಟ್ಟ ವೈದ್ಯನೇನಲ್ಲ.

"ವೈದ್ಯ ಆ ಊರಿನಲ್ಲಿ ಸಂತೋಷವಾಗಿದ್ದನೇ?" ಎಂದು ಶಿಷ್ಯ ನಡುವೆ ಕೇಳಿದ.

ಇರಲಿಲ್ಲ, ಎಂದರು ಗುರುತಾಯಿ. ಹಾಗೆಂದು ನಿನಗೆ ಯಾರು ಹೇಳಿದರು? ಎತ್ತಿನ ಸಾಲು ಹೇರು ಹೊತ್ತು ಕೋಟೆಯ ಪಕ್ಕದಲ್ಲಿ ಹಾದುಹೋದರೆ ಅವನು ಬಾಗಿಲಲ್ಲಿ ನಿಂತು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ, ಅಲ್ಲಿ ಮಳೆ ಹೇಗೆ ಎಂದು ಕೇಳುತ್ತಿದ್ದ. ಹೇರಿನವರಿಗೆ ಸಾಕಾಗುತ್ತಿತ್ತು. ಅವನ ಕಾಲು ಕೊನೆಯವರೆಗೂ ನಿಲ್ಲಲಿಲ್ಲ. ಊರನ್ನು ಬಳಸಿಕೊಂಡು ಕೋಟೆಯ ಒಳಗೋಡೆಯ ಗುಂಟ ದಿನವೂ ನಡೆಯುತ್ತಿದ್ದ. ಅಲ್ಲೊಂದು ಕಾಲುದಾರಿ ಬಿದ್ದಿತ್ತು. ಬರುವ ವರ್ಷ ಯಾರಿಗಾದರೂ ಕಲಿಸಿ ಹೊರಟೇಬಿಡುತ್ತೇನೆ ಎಂದು ಪ್ರತಿ ಯುಗಾದಿಗೂ ಹೇಳುತ್ತಿದ್ದ. ಇಬ್ಬರಿಗೆ ಕಲಿಸಿಯೂ ಕಲಿಸಿದ. ಇಬ್ಬರೂ ಚೆನ್ನಾಗಿ ಕಲಿತರು. ಕಲಿತ ಕೂಡಲೇ ಊರು ಬಿಟ್ಟರು. ಅದನ್ನೂ ಅವನಿಂದಲೇ ಕಲಿತಿದ್ದರು.

ಹಿಂಜುವವಳು ಮಾತ್ರ ಇದ್ದಳು. ಚಳಿ ಬಂದಾಗ ಉಸಿರಿನ ತೊಂದರೆ ಹೊಸ್ತಿಲವರೆಗೆ ಬರುತ್ತಿತ್ತು. ವೈದ್ಯ ಹಿಪ್ಪಲಿ ಏರಿಸುತ್ತಿದ್ದ. ಅದು ಹಿಂದಕ್ಕೆ ಹೋಗುತ್ತಿತ್ತು. ಪೂರ್ತಿ ಹೋದದ್ದು ಒಮ್ಮೆಯೂ ಇಲ್ಲ. ಪೂರ್ತಿ ಒಳಗೆ ಬಂದದ್ದೂ ಇಲ್ಲ. ಬೆಳಗ್ಗೆ ಅವನು ಕಷಾಯ ನೋಡಲು ಹೋದಾಗ ಅವಳು ಬಿಲ್ಲು ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.

"ಏನ್ರೀ ವೈದ್ಯರ, ಇನ್ನೂ ಇಲ್ಲೇ ಅದೀರಿ?"

"ನೀನೂ ಇದ್ದೀಯಲ್ಲ."

ಅಷ್ಟೇ ಮಾತು. ಒಬ್ಬರನ್ನೊಬ್ಬರು ಕಂಡರೆ ಅವರಿಗೆ ಬಹಳ ಪ್ರೀತಿ ಇತ್ತೆಂದು ನಾನು ಹೇಳಲಾರೆ. ಒಬ್ಬರ ಮುಖ ಇನ್ನೊಬ್ಬರಿಗೆ ಬೇಸರವಾದ ದಿನಗಳೂ ಇದ್ದವು. ಅಂಥ ದಿನವೂ ಅವನು ನಾಡಿ ಹಿಡಿಯುತ್ತಿದ್ದ, ಅವಳು ಕೈ ಚಾಚುತ್ತಿದ್ದಳು.

ಊರಿನವರಿಗೆ ಆ ಮಾತು ಹಿಡಿಸಿಹೋಯಿತು. ಮೊದಮೊದಲು ಚೇಷ್ಟೆಗೆ ಬಳಸಿದರು. ಕುಂಬಾರನ ಕತ್ತೆ ದಿನ ಬಿಟ್ಟು ದಿನ ಮೊಂಡುಹಿಡಿದರೆ ಯಾಪ್ಯ ಅಂದರು. ಶೆಟ್ಟಿಯ ಮನೆಯ ಅತ್ತೆ ಸೊಸೆಯರ ಜಗಳವನ್ನು ಹಾಗೆ ಕರೆದರು. ಶೆಟ್ಟಿ ತನ್ನ ಅಳಿಯನನ್ನು ಅವನ ಬೆನ್ನ ಹಿಂದೆ ಹಾಗೆ ಕರೆದ. ಆಮೇಲೆ ಬಳಕೆ ಬದಲಾಯಿತು. ಒಬ್ಬಳ ಮಗುವಿಗೆ ಮೂರ್ಛೆ ಬರುತ್ತಿತ್ತು, ಮೊದಲಾಗಿದ್ದರೆ ಅಂಥ ಮಗುವನ್ನು ಪಡುವಲ ಬಾಗಿಲಿನ ಲೆಕ್ಕಕ್ಕೆ ಬಿಡುತ್ತಿದ್ದರು. ಅವಳು ಮಗುವನ್ನು ಎತ್ತಿಕೊಂಡು ಬಂದು, "ಇದಕ್ಕೂ ಆ ನಡುವಿನ ಮಾತು ಹೇಳ್ರಿ" ಎಂದು ವೈದ್ಯನ ಮುಂದೆ ಕೂತಳು. ಸಿಹಿಮೂತ್ರದ ಮುದುಕನೊಬ್ಬ ಬಂದ. ವೈದ್ಯ ಪರೀಕ್ಷೆ ಮಾಡಿದ. ಕೆಲವರಿಗೆ ಆ ಮಾತು ಹೇಳಿದ, ಕೆಲವರಿಗೆ ಹೇಳಲಿಲ್ಲ. ಹೇಳುವ ಮುಂಚೆ ಪ್ರತಿ ಸಲವೂ ಒಮ್ಮೆ ಬಾಗಿಲಿನ ಕಡೆ ನೋಡುತ್ತಿದ್ದನಂತೆ.

ಆಮೇಲೆ ವೈದ್ಯ ಮುದುಕನಾದ. ಒಂದು ಸಾಮಾನ್ಯ ಜ್ವರ ಬಂತು. ತಾನೇ ತನ್ನ ನಾಡಿ ನೋಡಿಕೊಂಡು ಸಾಧ್ಯ ಎಂದುಕೊಂಡ. ಆ ಒಂದು ಸಲ ಅವನ ಮಾತು ತಪ್ಪಿತು. ತೀರಿಕೊಂಡ.

ಮೂರ್ಛೆಯ ಮಗು ಅಷ್ಟು ಹೊತ್ತಿಗೆ ದೊಡ್ಡದಾಗಿ, ಊರು, ಮೂರ್ಛೆ ಎರಡನ್ನೂ ಬಿಟ್ಟಿತ್ತು. ಸಿಹಿಮೂತ್ರದ ಮುದುಕ ತನ್ನ ವಯಸ್ಸು ಮುಗಿಸಿ ಹೋಗಿದ್ದ. ಉಳಿದವಳು ಹಿಂಜುವವಳು.

ಹಿರಿಯರು ಕೂತು ಚರ್ಚೆ ಮಾಡಿದರು. ಹಳೆಯ ಶೆಟ್ಟಿ ಹೋಗಿ ಅವನ ಮಗ ಶೆಟ್ಟಿಯಾಗಿದ್ದ. ವೈದ್ಯ ಸತ್ತನಲ್ಲ, ಇನ್ನು ಅವಳ ಗಡಿಗೆಯನ್ನು ಬೋರಲು ಹಾಕಬೇಕೋ ಬೇಡವೋ ಎಂಬುದು ಪ್ರಶ್ನೆ. ಅವಳನ್ನೇ ಕರೆದು ಕೇಳಿದರು.

"ನೀ ಉಂಡೀಯೇನವ್ವಾ?"

"ಇಲ್ಲ."

"ಅವರು ಕೈ ಬಿಟ್ಟಿದ್ದರೇನು?"

"ಆ ಪುಣ್ಯಾತ್ಮ ಯಾವತ್ತು ಬಿಟ್ಟ?" ಎಂದು ಹೇಳಿ ಅವಳು ಮುಖ ತಿರುಗಿಸಿದಳು. ಆಮೇಲೆ ಹೇಳಿದಳು. "ಮನ್ನೆ ಜ್ವರದಾಗೂ ಬಂದಿದ್ದ. ನಿಲ್ಲಾಕ ಆಗವಲ್ದು, ಗ್ವಾಡಿ ಹಿಡಕೊಂಡು ನಿಂತು ನನ್ನ ಕಷಾಯದ ವಾಸನಿ ನೋಡಿದ."

ಹಿರಿಯರು ತೀರ್ಮಾನ ಮಾಡಿದರು. ಹೇಳಿದವನು ಸತ್ತಿದ್ದಾನೆ, ಹೇಳಿದ ಮಾತು ಸತ್ತಿಲ್ಲ. ಕಷಾಯ ನಡೆಯಲಿ. ಕಟ್ಟಳೆಯ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಅವನು ಕೊನೆಗೆ ಹೇಳಿಟ್ಟ ಅಳತೆಯಲ್ಲೇ ನೆರೆಯವರು ಈಗ ಕಾಯಿಸಿ ಕೊಡುತ್ತಿದ್ದಾರೆ. ಆ ಅಳತೆ ಬಿಸಿಲಿನ ಅಳತೆ. ಚಳಿ ಬೀಳುವವರೆಗೆ ನಡೆಯುತ್ತದೆ.

ಗುರುತಾಯಿ ಹಿಪ್ಪಲಿಯನ್ನು ಮೊರದಿಂದ ಚೀಲಕ್ಕೆ ಸುರಿದರು. ಚೀಲದ ಬಾಯಿ ಕಟ್ಟಿದರು.

ಶಿಷ್ಯ ಖಾಲಿ ಮೊರವನ್ನು ಎತ್ತಿ ಗೋಡೆಗೆ ಒರಗಿಸಿದ.

"ಅರ್ಥವಾಯಿತು ತಾಯಿ. ನಾನು ಜಾಣರ ಮಾತು ಅಂದುಕೊಂಡಿದ್ದೆ. ಹೇಳಿದವನನ್ನೇ ಕಟ್ಟಿಹಾಕುವ ಮಾತು ಅದು. ಬಹಳ ಒಳ್ಳೆಯ ದೃಷ್ಟಾಂತ. ಚಳಿ ಬಿದ್ದ ಮೇಲೆ ಅವಳು ಏನಾದಳು ಎಂಬುದನ್ನು ಮಾತ್ರ ನೀವು ಹೇಳಲಿಲ್ಲ. ಇದು ಯಾವ ಕಾಲದ ಕತೆ?"

"ವೈದ್ಯ ತೀರಿಕೊಂಡದ್ದು ಹೋದ ತಿಂಗಳು," ಎಂದರು ಗುರುತಾಯಿ, ಚೀಲವನ್ನು ಅವನ ಮುಂದಿಡುತ್ತ. "ಅವಳ ಹೆಸರು ದಾವಲವ್ವ, ಚಳಿ ಬೀಳುವ ಮುಂಚೆ ಆ ಊರು ಮುಟ್ಟಬೇಕು, ನೀನು ಯಾವತ್ತು ಹೊರಡುತ್ತೀಯ?"